ಒಂದೇ ಸ್ಥಾನಕ್ಕೆ ಎಷ್ಟು ಆಯ್ಕೆ? ಡ್ರಾಫ್ಟ್‌ಗೆ ಮುನ್ನ ಹೀಗೆ ಲೆಕ್ಕ ಹಾಕಿ

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ, ಸುತ್ತು ಸುತ್ತಾಗಿ ಆರಿಸಿಕೊಳ್ಳುವ ಡ್ರಾಫ್ಟ್ ಏಪ್ರಿಲ್‌ನಲ್ಲಿ ಹತ್ತಿರವಾದಂತೆ ಡೆಟ್ರಾಯಿಟ್ ಬಳಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆರೆದುಕೊಳ್ಳುತ್ತದೆ. ಎಡಕ್ಕೆ ಸ್ಥಾನ, ನಡುವೆ ಆಟಗಾರರ ಹೆಸರು, ಬಲತುದಿಯಲ್ಲಿ ಪೆನ್ಸಿಲ್‌ನಿಂದ ಒಪ್ಪಂದ ಮುಗಿಯುವ ವರ್ಷ. ನಿಮ್ಮ ತಂಡಕ್ಕೂ ಇಂಥದೊಂದು ಮಾಡಿಕೊಳ್ಳಿ. ಒಂದೇ ಸ್ಥಾನಕ್ಕೆ ಎರಡು ಮೂರು ಆಯ್ಕೆಗಳನ್ನು ಸುರಿಯಬಹುದೇ ಎಂಬುದನ್ನು ಈ ಪುಟವೇ ಹೇಳುತ್ತದೆ.

ಮೊದಲು, ಆ ಸ್ಥಾನದವರು ಒಟ್ಟಿಗೆ ಎಷ್ಟು ಮಂದಿ ಮೈದಾನಕ್ಕಿಳಿಯುತ್ತಾರೆ ಎಂದು ಬರೆಯಿರಿ. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಒಬ್ಬನೇ. ಆ ಎಸೆತ ಹಿಡಿಯುವ ವೈಡ್ ರಿಸೀವರ್‌ಗಳು ಹೆಚ್ಚಾಗಿ ಮೂವರು. ಅವರ ಬೆನ್ನು ಬೀಳುವ ಎದುರಾಳಿ ಕಾರ್ನರ್‌ಬ್ಯಾಕ್‌ಗಳೂ ಆಗ ಮೂವರು. 2024ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಮೊದಲ ಸುತ್ತಿನಲ್ಲಿ ಕ್ವಿನ್ಯಾನ್ ಮಿಚೆಲ್, ಎರಡನೆಯದರಲ್ಲಿ ಕೂಪರ್ ಡಿಜೀನ್ ಎಂಬ ಇಬ್ಬರು ಕಾರ್ನರ್‌ಬ್ಯಾಕ್‌ಗಳನ್ನು ಆರಿಸಿತು. ಮಿಚೆಲ್ ಅಂಚಿನಲ್ಲಿ, ಡಿಜೀನ್ ಒಳಭಾಗದಲ್ಲಿ. ಕೆಲವೇ ವಾರಗಳಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಅದೇ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಡಿಜೀನ್ ಎದುರಾಳಿಯ ಎಸೆತವನ್ನು ಕಸಿದು 38 ಗಜ ಓಡಿ ಟಚ್‌ಡೌನ್ ಗಳಿಸಿದರು.

ಜಾಗವಿದ್ದರೆ ಸಾಲದು, ಏನನ್ನು ಬಿಟ್ಟುಕೊಟ್ಟು ತುಂಬುತ್ತೀರಿ ಎಂಬುದನ್ನು ನೋಡಿ. ಇದು ನನ್ನ ತಂಡದ ಗಾಯ. ಡೆಟ್ರಾಯಿಟ್ ಲಯನ್ಸ್ 2003ರಲ್ಲಿ ಚಾರ್ಲ್ಸ್ ರೋಜರ್ಸ್, 2004ರಲ್ಲಿ ರಾಯ್ ವಿಲಿಯಮ್ಸ್, 2005ರಲ್ಲಿ ಮೈಕ್ ವಿಲಿಯಮ್ಸ್ ಎಂದು ಸತತ ಮೂರು ವರ್ಷ ಮೊದಲ ಹತ್ತರೊಳಗಿನ ಆಯ್ಕೆಯನ್ನು ರಿಸೀವರ್‌ಗೇ ಕೊಟ್ಟಿತು. ಮೈಕ್ ವಿಲಿಯಮ್ಸ್ ಹತ್ತನೆಯವರು. ಹನ್ನೊಂದನೆಯ ಆಯ್ಕೆಯಲ್ಲಿ ಡಲ್ಲಾಸ್ ಡಿಮಾರ್ಕಸ್ ವೇರ್ ಅವರನ್ನು ಕರೆದೊಯ್ದಿತು. ಕ್ವಾರ್ಟರ್‌ಬ್ಯಾಕ್‌ಗಳನ್ನು ಬೇಟೆಯಾಡಿದ ಅವರು ಇಂದು ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ನನ್ನ ಪುಸ್ತಕದ ಆ ಪುಟದಲ್ಲಿ ಎರಡು ಹೆಸರುಗಳ ನಡುವೆ ಒಂದೇ ಗೆರೆಯಿದೆ. ಹಾಗಾಗಿ ನೀವು ಆರಿಸುವವನ ಹೆಸರಿನ ಕೆಳಗೆ, ಬಿಟ್ಟುಬಿಡುವವನ ಹೆಸರನ್ನೂ ತಪ್ಪದೇ ಬರೆಯಿರಿ.

ಕೆಳಗಿನ ಸುತ್ತುಗಳಲ್ಲಿ ಇಷ್ಟು ಬಿಗಿ ಬೇಡ. ಅಲ್ಲಿ ಗೆಲ್ಲುವವರು ಕಡಿಮೆ, ಬೆಲೆಯೂ ಕಡಿಮೆ. 2012ರಲ್ಲಿ ವಾಷಿಂಗ್ಟನ್ ತಂಡ ಎರಡನೆಯ ಆಯ್ಕೆಯಲ್ಲೇ ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್ ಅವರನ್ನು ಪಡೆದು, ನಾಲ್ಕನೆಯ ಸುತ್ತಿನಲ್ಲಿ ಮತ್ತೆ ಕರ್ಕ್ ಕಸಿನ್ಸ್ ಅವರನ್ನೂ ಆರಿಸಿತು. ಗ್ರಿಫಿನ್ ಮೊಣಕಾಲಿಗೆ ದೊಡ್ಡ ಗಾಯ ಮಾಡಿಕೊಂಡರು. 2015ಕ್ಕೆ ಕಸಿನ್ಸ್ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದರು.

ಕೊನೆಗೆ ಪೆನ್ಸಿಲ್ ಅಂಕಣ. ಡ್ರಾಫ್ಟ್ ಒಪ್ಪಂದ ನಾಲ್ಕು ವರ್ಷದ್ದು; ಐದನೆಯ ವರ್ಷಕ್ಕೆ ಹಿಡಿದಿಟ್ಟುಕೊಳ್ಳುವ ಹಕ್ಕು ಮೊದಲ ಸುತ್ತಿನವರ ಮೇಲೆ ಮಾತ್ರ. ಒಂದೇ ವರ್ಷ ಒಂದೇ ಸುತ್ತಿನಲ್ಲಿ ಇಬ್ಬರನ್ನು ಆರಿಸಿದರೆ ಇಬ್ಬರೂ ಒಟ್ಟಿಗೆ ದೊಡ್ಡ ಸಂಬಳ ಕೇಳುತ್ತಾರೆ. ನಾನು ಆಯ್ಕೆಯ ದಿನವೇ ಡಿಜೀನ್ ಹೆಸರಿನ ಮುಂದೆ 2027 ಎಂದೂ ಮಿಚೆಲ್ ಮುಂದೆ 2028 ಎಂದೂ ಬರೆದಿದ್ದೆ.