ಮಕ್ಕಳ ಸಂತೆ: ಶಾಲಾ ಸಂಘಕ್ಕೆ ಹಣ ಕೂಡಿಸುವ ಕ್ರಮ

ಪ್ರೌಢಶಾಲೆಯ ವಿಜ್ಞಾನ ಸಂಘವಾಗಲಿ, ಇಕೋ ಕ್ಲಬ್ ಆಗಲಿ, ವರ್ಷದಲ್ಲಿ ಎರಡು ಕೆಲಸಗಳಿಗೆ ಹಣ ಬೇಕೇ ಬೇಕು: ಒಂದು, ಮಕ್ಕಳನ್ನು ಸ್ಪರ್ಧೆಗೆ ಕರೆದೊಯ್ಯುವುದು, ಇನ್ನೊಂದು, ಊರಿಗೆ ಉಪಯೋಗವಾಗುವ ಏನಾದರೊಂದು ಸೇವೆ ಮಾಡುವುದು. ಈ ಹಣಕ್ಕಾಗಿ ಮಕ್ಕಳನ್ನು ಡಬ್ಬಿ ಹಿಡಿಸಿ ಬೀದಿಗೆ ಕಳುಹಿಸುವುದಕ್ಕಿಂತ ಶಾಲೆಯ ಅಂಗಳದಲ್ಲೇ ಒಂದು ಮಕ್ಕಳ ಸಂತೆ ನಡೆಸುವುದು ಎಷ್ಟೋ ಮೇಲು. ಆದರೆ ನಾನು ನೋಡಿದ ಸಂತೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟದಲ್ಲಿ ಮುಗಿದಿವೆ. ನಷ್ಟವಾಗಿದೆ ಎಂಬುದು ಕೂಡ ಅಲ್ಲಿದ್ದ ಯಾರಿಗೂ ಗೊತ್ತಾಗಿಲ್ಲ. ಡಬ್ಬಿಯಲ್ಲಿದ್ದ ಹಣವನ್ನೆಲ್ಲ ಲಾಭವೆಂದು ಎಣಿಸಿ, ಚಪ್ಪಾಳೆ ತಟ್ಟಿ, ಮನೆಗೆ ಹೋಗಿದ್ದಾರೆ.

ಮೊದಲು ಉದ್ದೇಶ, ಆಮೇಲೆ ಸಂತೆ

ಎಷ್ಟು ಹಣ ಬೇಕು, ಯಾವುದಕ್ಕೆ ಬೇಕು ಎಂಬುದನ್ನು ಸಂಘದ ಸಭೆಯಲ್ಲಿ ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಇಬ್ಬರು ಮಕ್ಕಳ ಒಂದು ತಂಡವನ್ನು ಕಳುಹಿಸುವುದಾದರೆ ಬಸ್ಸಿನ ಖರ್ಚು, ವರದಿಯ ಮುದ್ರಣ, ಭಿತ್ತಿಚಿತ್ರ, ದಿನಚರಿ ಪುಸ್ತಕ ಇಷ್ಟೇ ಸಾಕು. 10ರಿಂದ 17 ವರ್ಷದ ಮಕ್ಕಳಿಗಾಗಿ 1993ರಿಂದ ನಡೆದುಬಂದಿರುವ ಈ ಸಮಾವೇಶ ಕೇಳುವುದು ತಮ್ಮ ಊರಿನದೇ ಒಂದು ಸಮಸ್ಯೆಯ ಅಧ್ಯಯನವನ್ನು, ಮಾದರಿಯನ್ನಲ್ಲ. ಆದ್ದರಿಂದ ಅಂಗಡಿಯಿಂದ ಸಿದ್ಧ ಮಾದರಿ ಕೊಳ್ಳಲು ಹಣ ಸುರಿಯುವ ಪ್ರಶ್ನೆಯೇ ಬರುವುದಿಲ್ಲ. ಉಳಿಯುವ ಹಣದಲ್ಲಿ ಎಷ್ಟು ಪಾಲು ಸೇವೆಗೆ ಎಂಬುದನ್ನೂ ಆಗಲೇ ನಿರ್ಧರಿಸಿ. ನನ್ನ ಮಟ್ಟಿಗೆ ಅರ್ಧಕ್ಕೆ ಕಡಿಮೆ ಇರಕೂಡದು, ಏಕೆಂದರೆ ಹಣ ಕೊಡುವವರು ಊರಿನವರು.

ಮುಖ್ಯ ಶಿಕ್ಷಕರ ಒಪ್ಪಿಗೆ ಬರಹದಲ್ಲಿರಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ಗಮನಕ್ಕೂ ತನ್ನಿ.

ಖಜಾಂಚಿಯನ್ನು ಒಂಬತ್ತನೇ ತರಗತಿಯಿಂದಲೇ ಆರಿಸಿ. ಹತ್ತನೆಯವರು ಚುರುಕಾಗಿರುತ್ತಾರೆ ನಿಜ, ಆದರೆ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟಾಗ ಲೆಕ್ಕದ ನೆನಪೂ ಅವರೊಂದಿಗೆ ಹೊರಟುಬಿಡುತ್ತದೆ.

ಏನನ್ನು ಮಾರಬಹುದು

ಸೊಪ್ಪು, ತರಕಾರಿ, ಹೂವಿನ ಸಸಿ, ಮಜ್ಜಿಗೆ, ಪಾನಕ, ಚುರುಮುರಿ, ಹಳೆಯ ಪುಸ್ತಕಗಳು. ಕರಿದ ಪ್ಯಾಕೆಟ್ ತಿಂಡಿ ಮತ್ತು ಬಾಟಲಿಯ ತಂಪು ಪಾನೀಯಗಳನ್ನು ದೂರವಿಡಿ: 2020ರ ಆಹಾರ ಸುರಕ್ಷತಾ ನಿಯಮಗಳಂತೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಾರುವಂತಿಲ್ಲ. ಪ್ಲಾಸ್ಟಿಕ್ ತಟ್ಟೆ, ಲೋಟಗಳು ಕರ್ನಾಟಕದಲ್ಲಿ 2016ರಿಂದಲೂ ದೇಶದಾದ್ಯಂತ 2022ರ ಜುಲೈನಿಂದಲೂ ನಿಷಿದ್ಧ. ಹಾಗೆಂದು ಹಳೆಯ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಬೇಡಿ, ಮಸಿ ತಿಂಡಿಗೆ ಹತ್ತುತ್ತದೆ. ಎಲೆಯ ದೊನ್ನೆ ತನ್ನಿ.

ತರಕಾರಿಯನ್ನು ತೂಕಕ್ಕೆ ಮಾರಲು ಹೋಗಬೇಡಿ. ಜಾತ್ರೆಯಲ್ಲಿ ಸಿಗುವ ಅಗ್ಗದ ಸ್ಪ್ರಿಂಗ್ ತಕ್ಕಡಿ ಬೆಳಿಗ್ಗೆ ತೋರಿಸಿದ ತೂಕವನ್ನು ಮಧ್ಯಾಹ್ನ ತೋರಿಸುವುದಿಲ್ಲ. ಗುಡ್ಡೆ ಹಾಕಿ ಅಥವಾ ಕಟ್ಟು ಕಟ್ಟಿ ಮಾರುವುದು ನಮ್ಮ ಸಂತೆಗಳ ಹಳೆಯ ಪದ್ಧತಿ, ಮಕ್ಕಳಿಗೂ ಅದೇ ಸಲೀಸು.

ಇನ್ನು ಅದೃಷ್ಟದ ಚೀಟಿ ಮಾರಿ ಒಂದೇ ಗಂಟೆಯಲ್ಲಿ ಹಣ ಎತ್ತುವ ಅಡ್ಡದಾರಿಯನ್ನು ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ರಾಜ್ಯದಲ್ಲಿ 2007ರಲ್ಲೇ ಲಾಟರಿಯನ್ನು ನಿಲ್ಲಿಸಲಾಗಿದೆ. ಶಾಲೆಯೊಳಗೆ ಅದರ ಮರಿಯನ್ನು ಸಾಕುವುದು ಬೇಡ.

ಬೆಲೆ ಕಟ್ಟುವುದು

ಎಲ್ಲರೂ ಎಡವುವುದು ಇಲ್ಲಿಯೇ. ಮಕ್ಕಳು ಯಾವ ವಸ್ತುವಿಗಾದರೂ ಹತ್ತು ರೂಪಾಯಿ ಎಂದುಬಿಡುತ್ತಾರೆ, ಏಕೆಂದರೆ ಹತ್ತರ ನೋಟು ಎಲ್ಲರ ಕೈಯಲ್ಲೂ ಇರುತ್ತದೆ. ಸಾಮಾನನ್ನು ಅಮ್ಮ ಮನೆಯಿಂದ ಕೊಟ್ಟಿರುತ್ತಾರೆ, ಆದ್ದರಿಂದ ಖರ್ಚು ಸೊನ್ನೆ ಎಂದು ಅವರ ಎಣಿಕೆ. ಮನೆಯಿಂದ ಬಂದ ಸಾಮಾನಿಗೂ ಅಂಗಡಿಯ ದರದಲ್ಲೇ ಬೆಲೆ ಹಾಕಿ ಬರೆಯಬೇಕು. ಮನೆಯವರು ಹಣ ಬೇಡವೆಂದರೆ ಅದನ್ನು ದೇಣಿಗೆ ಎಂದು ಬೇರೆಯಾಗಿ ತೋರಿಸಬೇಕು.

ಒಂದು ಚುರುಮುರಿ ಅಂಗಡಿಯನ್ನೇ ತೆಗೆದುಕೊಳ್ಳೋಣ. ಎರಡು ಕಿಲೋ ಮಂಡಕ್ಕಿಗೆ ₹160, ಈರುಳ್ಳಿ, ಟೊಮೆಟೊ, ಕ್ಯಾರೆಟ್ಟಿಗೆ ₹200, ಕಡಲೆಕಾಯಿ ಬೀಜಕ್ಕೆ ₹150, ಎಣ್ಣೆಗೆ ₹90, ಕೊತ್ತಂಬರಿ, ನಿಂಬೆ, ಖಾರದಪುಡಿಗೆ ₹60, ದೊನ್ನೆಗೆ ₹60 ಎಂದಿಟ್ಟುಕೊಂಡರೆ ಒಟ್ಟು ₹720 ಆಯಿತು. ಇಷ್ಟರಲ್ಲಿ ಅರವತ್ತು ದೊನ್ನೆ ಆಗುತ್ತದೆಂದರೆ ಒಂದಕ್ಕೆ ಬಿದ್ದ ಅಸಲು ₹12. ಹತ್ತು ರೂಪಾಯಿಗೆ ಮಾರಿದರೆ ಅರವತ್ತೂ ಖಾಲಿಯಾದ ಮೇಲೆ ಡಬ್ಬಿಯಲ್ಲಿ ₹600 ಇರುತ್ತದೆ, ಎಲ್ಲರ ಮುಖದಲ್ಲೂ ನಗುವಿರುತ್ತದೆ, ಸಂಘಕ್ಕೆ ಮಾತ್ರ ₹120 ನಷ್ಟವಾಗಿರುತ್ತದೆ. ಪೂರ್ತಿ ಮಾರಾಟವಾದರೂ ನಷ್ಟವೇ ಉಳಿಯುವ ವ್ಯಾಪಾರವಿದು.

ಅದೇ ಇಪ್ಪತ್ತು ರೂಪಾಯಿ ಇಟ್ಟರೆ? ಮೂವತ್ತಾರನೇ ದೊನ್ನೆಗೆ ಅಸಲು ಹೊರಡುತ್ತದೆ, ಮೂವತ್ತೇಳನೆಯದರಿಂದ ಲಾಭ ಶುರು. ಈ ಮೂವತ್ತಾರು ಎಂಬ ಸಂಖ್ಯೆಯನ್ನು ಅಂಗಡಿಯ ಮೇಜಿನ ಒಳಬದಿಗೆ ದೊಡ್ಡದಾಗಿ ಬರೆದು ಅಂಟಿಸಿ. ಮಾರುವ ಮಕ್ಕಳಿಗೆ ಅದು ಕಣ್ಣೆದುರಿಗಿರಬೇಕು. ಅರವತ್ತಕ್ಕೆ ಅರವತ್ತೂ ಮಾರಾಟವಾಗುತ್ತದೆಂದು ಮಾತ್ರ ನಂಬಬೇಡಿ. ಹತ್ತು ಉಳಿಯುತ್ತದೆ ಎಂದೇ ಲೆಕ್ಕ ಹಾಕಿ: ಐವತ್ತು ಹೋದರೆ ₹1,000, ಅಸಲು ಕಳೆದು ಕೈಗೆ ₹280. ಸಂಘಕ್ಕೆ ₹2,500 ಬೇಕಿದ್ದರೆ ಇಂಥ ಒಂಬತ್ತು ಅಂಗಡಿಗಳು ಬೇಕು ಎಂಬುದು ಈಗ ಗೊತ್ತಾಯಿತಲ್ಲ. ಎರಡೇ ಅಂಗಡಿ ತೆರೆದು ತಂಡವನ್ನು ಸ್ಪರ್ಧೆಗೆ ಕಳುಹಿಸುತ್ತೇವೆಂದು ಹೊರಡುವ ಸಂಘಗಳು ಈ ಗುಣಾಕಾರವನ್ನು ಮಾಡಿರುವುದಿಲ್ಲ.

ಬೆಲೆಗಳೆಲ್ಲ ಐದರ ಮಗ್ಗಿಯಲ್ಲಿರಲಿ. ಹದಿನೆಂಟು ರೂಪಾಯಿ ಎಂದಿಟ್ಟರೆ ಎರಡು ರೂಪಾಯಿಯ ನಾಣ್ಯಕ್ಕಾಗಿ ಅಂಗಡಿಯಿಂದಂಗಡಿಗೆ ಓಡುವುದರಲ್ಲೇ ಸಂತೆ ಮುಗಿಯುತ್ತದೆ.

ಚಿಲ್ಲರೆ ಮತ್ತು ಡಬ್ಬಿ

ಪ್ರತಿ ಅಂಗಡಿಗೂ ಆರಂಭದಲ್ಲಿ ₹500 ಚಿಲ್ಲರೆ ಕೊಡಿ: ಹತ್ತರ ನೋಟು 35, ಐದರ ನಾಣ್ಯ 30. ಕೊಟ್ಟದ್ದನ್ನು ಬರೆದು ಸಹಿ ಪಡೆಯಿರಿ. ಸಂಜೆ ಡಬ್ಬಿ ತೆರೆದಾಗ ಎಲ್ಲಕ್ಕಿಂತ ಮೊದಲು ಈ ₹500 ಎತ್ತಿಡಬೇಕು. ಇದನ್ನು ಮರೆತು ಮಾರಾಟದ ಹಣದೊಂದಿಗೆ ಎಣಿಸಿದ ಶಾಲೆಯೊಂದರಲ್ಲಿ, ಎಂಟು ಅಂಗಡಿಗಳ ನಾಲ್ಕು ಸಾವಿರ ರೂಪಾಯಿಯನ್ನು ಲಾಭವೆಂದು ವೇದಿಕೆಯಲ್ಲೇ ಘೋಷಿಸಿದ್ದನ್ನು ನಾನು ಕೇಳಿದ್ದೇನೆ.

ಒಂದು ಅಂಗಡಿಗೆ ಇಬ್ಬರು ಮಕ್ಕಳು: ಒಬ್ಬರು ಹಣ ಮುಟ್ಟಬೇಕು, ಇನ್ನೊಬ್ಬರು ಪ್ರತಿ ಮಾರಾಟಕ್ಕೂ ಒಂದು ಗೀಟು ಎಳೆಯಬೇಕು. ತಿಂಡಿ ಬಡಿಸುವ ಕೈ ನೋಟು ಮುಟ್ಟಬಾರದಾದ್ದರಿಂದ ತಿಂಡಿ ಅಂಗಡಿಗೆ ಮೂರನೆಯವರೂ ಬೇಕು.

ಫೋನಿನಲ್ಲಿ ಹಣ ಹಾಕುತ್ತೇವೆ ಎನ್ನುವವರು ಈಗ ಹೆಚ್ಚು. ಶಾಲೆಯ ಖಾತೆಯ ಕ್ಯೂಆರ್ ಇದ್ದರೆ ಮಾತ್ರ ಒಪ್ಪಿಕೊಳ್ಳಿ, ಒಬ್ಬ ಶಿಕ್ಷಕರು ಅದರ ಬಳಿಯೇ ಕುಳಿತು ಪ್ರತಿ ಪಾವತಿಯನ್ನೂ ಅಂಗಡಿಯ ಹೆಸರಿನೊಂದಿಗೆ ಬರೆಯಲಿ. ಶಿಕ್ಷಕರ ಸ್ವಂತ ಖಾತೆಗೆ ಒಂದು ರೂಪಾಯಿಯೂ ಹೋಗಕೂಡದು. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಮುಂದಿನ ತಿಂಗಳು ಯಾರಾದರೊಬ್ಬರು ಪ್ರಶ್ನೆ ಎತ್ತುತ್ತಾರೆ.

ಒಂದೇ ಕಡೆ ಕೂಪನ್ ಮಾರಿ, ಅಂಗಡಿಗಳಲ್ಲಿ ಕೂಪನ್ ಮಾತ್ರ ಪಡೆಯುವ ಪದ್ಧತಿಯನ್ನು ಕೆಲವರು ಹೊಗಳುತ್ತಾರೆ. ಲೆಕ್ಕ ಸುಲಭವಾಗುತ್ತದೆ, ನಿಜ. ಆದರೆ ಚಿಲ್ಲರೆ ಎಣಿಸಿ ಕೊಡುವುದನ್ನು ಮಕ್ಕಳು ಕಲಿಯುವುದಿಲ್ಲ, ಕೈಯಲ್ಲುಳಿದ ಕೂಪನ್ನಿಗೆ ಹಣ ವಾಪಸು ಕೊಡಿ ಎಂಬ ಜಗಳ ಮಧ್ಯಾಹ್ನದ ಹೊತ್ತಿಗೆ ಶುರುವಾಗುತ್ತದೆ. ನಾನಂತೂ ಅದನ್ನು ಬಿಟ್ಟುಬಿಟ್ಟಿದ್ದೇನೆ.

ಸಂಜೆಯ ಎಣಿಕೆ

ಅಂದೇ ಎಣಿಸಿ, ಮಕ್ಕಳ ಎದುರಿನಲ್ಲೇ ಎಣಿಸಿ. ಗೀಟುಗಳು ಐವತ್ತು ಇದ್ದರೆ ಡಬ್ಬಿಯಲ್ಲಿ ಮಾರಾಟದ ₹1,000, ಚಿಲ್ಲರೆಯ ₹500 ಸೇರಿ ₹1,500 ಇರಬೇಕು. ಎಣಿಸಿದಾಗ ₹1,460 ಬಂದಿತೆನ್ನೋಣ. ಇಲ್ಲಿ ಕರುಣಾಳು ಶಿಕ್ಷಕರೊಬ್ಬರು ಜೇಬಿನಿಂದ ನಲವತ್ತು ರೂಪಾಯಿ ತೆಗೆದು ಹಾಕಿ ಲೆಕ್ಕ ಸರಿ ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊರತೆ ₹40 ಎಂದು ಪುಸ್ತಕದಲ್ಲಿ ಬರೆಯಿರಿ; ಮಕ್ಕಳನ್ನು ಗದರಬೇಡಿ, ಗೀಟು ಹೆಚ್ಚಾಗಿ ಬಿದ್ದಿರಬಹುದು, ಚಿಲ್ಲರೆ ಹೆಚ್ಚು ಹೋಗಿರಬಹುದು. ಹಣ ಹೆಚ್ಚಿಗೆ ಬಂದರೂ ಅದನ್ನೂ ಬರೆಯಬೇಕು.

ನಗದು ಪುಸ್ತಕವನ್ನು ಬಾಲ್ ಪೆನ್ನಿನಲ್ಲಿ ಬರೆಯಿಸಿ. ಪೆನ್ಸಿಲ್ ಬೇಡ, ಬಿಳಿ ಮಸಿ ಬಳಿಯುವುದಂತೂ ಬೇಡವೇ ಬೇಡ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದ ಅಂಕಿ ಬರೆದು ಸಹಿ ಹಾಕಲಿ. ಬಾಡಿಗೆಗೆ ಸಿಗುವ ಪುಟ್ಟ ಬಿಲ್ಲು ಯಂತ್ರಗಳ ಆಸೆಗೂ ಬೀಳಬೇಡಿ, ಆ ನುಣುಪು ಕಾಗದದ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತವೆ.

ಮಾರನೆಯ ದಿನ ಪ್ರತಿ ಅಂಗಡಿಯ ಅಸಲು, ಮಾರಾಟ, ಕೊರತೆ, ಉಳಿಕೆಗಳ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಿ. ಹಣವನ್ನು ಶಾಲೆಯ ಖಾತೆಗೆ ಕಟ್ಟಿ, ಬ್ಯಾಂಕಿನ ಚಲನ್ನಿನ ಪ್ರತಿಯನ್ನು ನಗದು ಪುಸ್ತಕದ ಅದೇ ಪುಟಕ್ಕೆ ಗೋಂದಿನಿಂದ ಅಂಟಿಸಿ. ಪಿನ್ನು ಚುಚ್ಚಿಟ್ಟರೆ ಮಾರ್ಚ್ ಹೊತ್ತಿಗೆ ಪಿನ್ನು ಮಾತ್ರ ಉಳಿದಿರುತ್ತದೆ.