ಬಾಸ್ ಗಿಟಾರಿನ ಟೋನ್ ನಾಬ್ ಎಷ್ಟು ತಿರುಗಿಸಬೇಕು?

ಕಳೆದ ಡಿಸೆಂಬರಿನಲ್ಲಿ ಮಂಗಳೂರಿನ ಒಂದು ಚರ್ಚ್ ಹಾಲಿನಲ್ಲಿ ಕ್ಯಾರಲ್ ಅಭ್ಯಾಸ ನಡೆಯುತ್ತಿತ್ತು. ಬಾಸ್ ನುಡಿಸುವ ಹುಡುಗ ಒಳ್ಳೆಯ ಕೈ. ಆದರೆ ಟೋನ್ ನಾಬ್ ಪೂರ್ತಿ ಮುಚ್ಚಿದ್ದ, ಆಂಪಿನಲ್ಲಿ (ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ಬಾಸ್ ನಾಬ್, ಅಂದರೆ ತಗ್ಗು ಸದ್ದಿನದ್ದು, ಪೂರ್ತಿ ಏರಿಸಿದ್ದ. ಹಾಲ್ ತುಂಬಾ ಗುಂಯ್ ಅಂತ ಒಂದೇ ಶಬ್ದ. ಹಾಡುವವರ ಸಾಲಿನಿಂದ ಒಬ್ಬ ಆಂಟಿ ಹೇಳಿದರು: "ಮಗಾ, ನಿನ್ನದು ಕೇಳುವುದು ಕೇಳ್ತದೆ, ಯಾವ ಸ್ವರ ಅಂತ ಗೊತ್ತಾಗುವುದಿಲ್ಲ." ರೋಸ್ (ಮದುವೆಯ ಮುಂಚಿನ ಶಾಸ್ತ್ರ) ಮನೆಯಲ್ಲಿ, ಮದುವೆ ಹಾಲಿನಲ್ಲಿ, ಕಾಲೇಜ್ ಡೇಯಲ್ಲಿ ಇದೇ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಇಲ್ಲಿ ಹೇಳುವುದು ಪ್ಯಾಸಿವ್ ಬಾಸ್ ಬಗ್ಗೆ, ಅಂದರೆ ಒಳಗೆ ಬ್ಯಾಟರಿ ಇಲ್ಲದ್ದು. ಫೆಂಡರ್ ಕಂಪನಿಯ 1951ರ ಪ್ರಿಸಿಷನ್ ಬಾಸ್, 1960ರ ಜಾಝ್ ಬಾಸ್ ಮತ್ತು ಅವುಗಳ ಮಾದರಿಯಲ್ಲಿ ಬಂದ ಕಡಿಮೆ ಬೆಲೆಯವು ಹೆಚ್ಚಾಗಿ ಈ ಜಾತಿಯವು. ಗಿಟಾರಿನ ಹಿಂಬದಿಯಲ್ಲಿ 9 ವೋಲ್ಟ್ ಬ್ಯಾಟರಿ ಹಾಕುವ ಜಾಗ ಉಂಟಾದರೆ ನಿಮ್ಮದು ಆಕ್ಟಿವ್. ಅದರ ಲೆಕ್ಕ ಬೇರೆ.

ಟೋನ್ ನಾಬಿನ ಕೆಳಗೆ ಸಾಮಾನ್ಯವಾಗಿ 250 ಕಿಲೋ ಓಮ್‌ನ ಒಂದು ಪಾಟ್ (ತಿರುಗಿಸಿದಂತೆ ವಿದ್ಯುತ್ತಿಗೆ ತಡೆ ಹೆಚ್ಚು ಕಡಿಮೆ ಮಾಡುವ ಭಾಗ), ಅದಕ್ಕೆ ಬೆಸುಗೆ ಹಾಕಿದ 0.047 ಮೈಕ್ರೋಫ್ಯಾರಡ್‌ನ ಸಣ್ಣ ಕೆಪಾಸಿಟರ್ ಇರುತ್ತದೆ. ನಾಬ್ ಮುಚ್ಚಿದಷ್ಟೂ ಟ್ರೆಬಲ್, ಅಂದರೆ ಮೇಲಿನ ಚುರುಕು ಸದ್ದು, ಆ ಕೆಪಾಸಿಟರ್ ಮೂಲಕ ಅರ್ತ್‌ಗೆ ಹೋಗುತ್ತದೆ. ಅಂದರೆ ಈ ನಾಬ್ ತಗ್ಗು ಸದ್ದು ಕೊಡುವುದಿಲ್ಲ, ಟ್ರೆಬಲ್ ತೆಗೆಯುತ್ತದೆ. ಇದೊಂದು ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿಯಿತು.

ಮೊದಲು ತಂತಿ ಶ್ರುತಿ ಮಾಡಿ. ವಾಲ್ಯೂಮ್ ಪೂರ್ತಿ, ಟೋನ್ ಪೂರ್ತಿ ತೆರೆಯಿರಿ. ಆಂಪಿನ ನಾಬ್‌ಗಳನ್ನೆಲ್ಲ ನಡುವಿಗೆ ತನ್ನಿ. ಸದ್ದು ಜಾಸ್ತಿ ಅನಿಸಿದರೆ ಆಂಪಿನಲ್ಲಿ ಇಳಿಸಿ, ಗಿಟಾರಿನಲ್ಲಿ ಬೇಡ. ಪ್ಯಾಸಿವ್ ಬಾಸಿನಲ್ಲಿ ವಾಲ್ಯೂಮ್ ಇಳಿಸಿದರೆ ಟ್ರೆಬಲ್ ಕೂಡ ಸ್ವಲ್ಪ ಹೋಗುತ್ತದೆ. ಜಾಝ್ ಬಾಸಿನವರು ಎರಡು ಪಿಕಪ್‌ಗಳ (ತಂತಿಯ ಕಂಪನ ಹಿಡಿಯುವ ಭಾಗ) ವಾಲ್ಯೂಮ್ ಎಷ್ಟೆಷ್ಟು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಕೇಬಲ್ 3ರಿಂದ 5 ಮೀಟರ್ ಸಾಕು. ಉದ್ದ ಕೇಬಲ್ ತಾನೇ ಟ್ರೆಬಲ್ ತಿನ್ನುತ್ತದೆ. ಜಾಕ್ ಹತ್ತಿರ ಬಗ್ಗಿಸಿದರೆ ಕರಕರ ಅನ್ನುವ ತೆಳು ಕೇಬಲ್‌ಗಳನ್ನು ಖರೀದಿಸಲೇಬೇಡಿ. ಇನ್ನೊಂದು ಅಡ್ಡದಾರಿ: ಆಂಪ್ ಇಲ್ಲ ಅಂತ ಸೌಂಡಿನವರು ಬಾಸನ್ನು ನೇರ ಮಿಕ್ಸರಿನ ಲೈನ್ ಇನ್‌ಪುಟ್‌ಗೆ ಚುಚ್ಚುತ್ತಾರೆ. ಪ್ಯಾಸಿವ್ ಪಿಕಪ್‌ಗೆ ಅದು ಭಾರ, ಸದ್ದು ಸತ್ತುಹೋಗುತ್ತದೆ. ಆಮೇಲೆ ಟೋನ್ ನಾಬ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ನಡುವೆ ಒಂದು ಡಿಐ ಬಾಕ್ಸ್, ಅಂದರೆ ಬಾಸಿನ ಸಿಗ್ನಲನ್ನು ಮಿಕ್ಸರಿಗೆ ಹೊಂದುವಂತೆ ಮಾಡುವ ಸಣ್ಣ ಪೆಟ್ಟಿಗೆ, ಹಾಕಲು ಹೇಳಿ.

ಈಗ ನಿಜವಾದ ಕೆಲಸ. ಇದನ್ನು ಮನೆಯಲ್ಲಿ ಒಬ್ಬರೇ ಕೂತು ಮಾಡಬೇಡಿ. ಕೋಣೆಯಲ್ಲಿ ದಪ್ಪಗೆ, ಚಂದ ಕೇಳಿದ್ದು ಡ್ರಮ್ಸ್, ಕೀಬೋರ್ಡ್ ಸೇರಿದ ಕೂಡಲೇ ಮಾಯವಾಗುತ್ತದೆ. ಕಾರಣ ಉಂಟು. ನಾಲ್ಕು ತಂತಿಯ ಬಾಸಿನ ಕೆಳಗಿನ ಇ ತಂತಿ ಸುಮಾರು 41 ಹರ್ಟ್ಸ್. ಹಾಲಿನ ಗೋಡೆಗೆ ಹಾಕಿದ ಸಣ್ಣ ಸ್ಪೀಕರ್‌ಗಳಿಗೆ ಅಷ್ಟು ಕೆಳಗೆ ಇಳಿಯಲು ಆಗುವುದಿಲ್ಲ. ಆದರೆ ತಂತಿಯಿಂದ 82, 123, 164 ಹೀಗೆ ಮೇಲಿನ ಓವರ್‌ಟೋನ್‌ಗಳೂ (ಮೂಲ ಸ್ವರದ ಜೊತೆಗೇ ಹುಟ್ಟುವ ಸ್ವರಗಳು) ಬರುತ್ತವೆ. ನಮ್ಮ ಕಿವಿ ಅವುಗಳನ್ನು ಹಿಡಿದೇ "ಇದು ಇ" ಅಂತ ಗುರುತಿಸುತ್ತದೆ. ಟೋನ್ ಪೂರ್ತಿ ಮುಚ್ಚಿದರೆ ಇನ್ನೂ ಮೇಲಿನ ಓವರ್‌ಟೋನ್‌ಗಳು ಸೊರಗುತ್ತವೆ. ಮೇಲಿಂದ ಆಂಪಿನ ಬಾಸ್ ಏರಿಸಿದರೆ ಉಳಿಯುವುದು ಆ ಗುಂಯ್ ಮಾತ್ರ.

ಹಾಗಾಗಿ ಬ್ಯಾಂಡ್ ಪೂರ್ತಿ ನುಡಿಸುತ್ತಿರಲಿ. ನಿಧಾನದ ಹಾಡಿನ ನಾಲ್ಕು ಸಾಲು ಆರಿಸಿ, ಅದನ್ನೇ ಮತ್ತೆ ಮತ್ತೆ ನುಡಿಸಿ. ಒಬ್ಬ ಗೆಳೆಯನನ್ನು ಹಾಲಿನ ನಡುವಿಗೆ ಕಳಿಸಿ, ಯಾಕೆಂದರೆ ನೀವು ಆಂಪಿನ ಪಕ್ಕ ನಿಂತು ಕೇಳುವುದು ಬೇರೆ, ಜನ ಕೇಳುವುದು ಬೇರೆ. ಟೋನನ್ನು ಪೂರ್ತಿ ತೆರೆದ ಕಡೆಯಿಂದ ಮೆಲ್ಲ ಮುಚ್ಚುತ್ತಾ ಬನ್ನಿ. ಬೆರಳು ತಂತಿಗೆ ಉಜ್ಜುವ ಸದ್ದು, ತಂತಿ ಫ್ರೆಟ್‌ಗೆ ತಾಗುವ ಚಟ್ ಚಟ್, ಇವು ಅಡಗಿದ ಕೂಡಲೇ ನಿಲ್ಲಿಸಿ. ಅಲ್ಲಿಂದ ಒಂದು ಕೂದಲೆಳೆ ವಾಪಸ್ ತೆರೆಯಿರಿ. ಈಗ ಗೆಳೆಯನಿಗೆ ನಿಮ್ಮ ಸ್ವರಗಳನ್ನು ಗುನುಗಲು ಹೇಳಿ. ಸರಿಯಾಗಿ ಗುನುಗಿದನಾ, ಅದೇ ಜಾಗ. ತಡವರಿಸಿದನಾ, ಇನ್ನೂ ತೆರೆಯಿರಿ.

ಪೂರ್ತಿ ತೆರೆದದ್ದು ಹತ್ತು ಅಂತ ಇಟ್ಟರೆ, ಬೆರಳಲ್ಲಿ ನುಡಿಸುವಾಗ ನನ್ನದು ಏಳು. ಪಿಕ್ ಹಿಡಿದರೆ ಐದು. ನುಣುಪಾದ ಫ್ಲಾಟ್‌ವೌಂಡ್ ತಂತಿ ಹಾಕಿದ್ದರೆ ಪೂರ್ತಿ ತೆರೆದೇ ಇಡಿ, ಆ ತಂತಿಯಲ್ಲಿ ಟ್ರೆಬಲ್ ಇರುವುದೇ ಕಡಿಮೆ ಅಲ್ವಾ.

ಕೆಲವು ಅಗ್ಗದ ಬಾಸ್‌ಗಳಲ್ಲಿ ಹತ್ತರಿಂದ ಮೂರರವರೆಗೆ ಏನೂ ಬದಲಾಗುವುದಿಲ್ಲ, ಆಮೇಲೆ ಒಮ್ಮೆಲೇ ಎಲ್ಲ ಹೋಗುತ್ತದೆ. ಹೆಚ್ಚಾಗಿ ಅದು ಲೀನಿಯರ್ ಪಾಟ್, ಅಂದರೆ ತಡೆ ಒಂದೇ ಸಮನೆ ಬದಲಾಗುವಂಥದ್ದು. ರಿಪೇರಿಯವರ ಹತ್ತಿರ ಎ250ಕೆ ಅಂತ ಬರೆದ ಪಾಟ್ (ಎ ಅಂದರೆ ಆಡಿಯೋ ಬಗೆಯದ್ದು, 250ಕೆ ಅಂದರೆ 250 ಕಿಲೋ ಓಮ್) ಹಾಕಿಸಿ. ದೊಡ್ಡ ಖರ್ಚಿನ ಕೆಲಸ ಅಲ್ಲ.

ಜಾಗ ಸಿಕ್ಕಿದ ಮೇಲೆ ನಾಬಿನ ಅಂಚಿನಲ್ಲಿ ನೈಲ್ ಪಾಲಿಶ್‌ನ ಒಂದು ಚುಕ್ಕೆ, ಅದರ ಎದುರು ಗಿಟಾರಿನ ಮೇಲೆ ಸಣ್ಣ ಟೇಪ್ ತುಂಡು. ಕತ್ತಲ ಸ್ಟೇಜಿನಲ್ಲೂ ಕಾಣುತ್ತದೆ.

ನಮ್ಮ ಕರಾವಳಿಯ ಉಪ್ಪು ಗಾಳಿ, ಮಳೆಗಾಲದ ತೇವ ಎರಡೂ ಪಾಟ್‌ಗೆ ಒಳ್ಳೆಯದಲ್ಲ. ತಿರುಗಿಸುವಾಗ ಕರಕರ ಅಂದರೆ ಆಂಪ್ ಬಂದ್ ಮಾಡಿ, ನಾಬನ್ನು ಮೂವತ್ತು ಸಲ ಆ ತುದಿಯಿಂದ ಈ ತುದಿಗೆ ತಿರುಗಿಸಿ. ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಸ್ಪ್ರೇ ಮಾಡಿ. ತೆಂಗಿನೆಣ್ಣೆ ಬಿಡುವವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ. ಧೂಳು ಅಂಟಿ ಪಾಟ್ ಪೂರ್ತಿ ಕೆಡುತ್ತದೆ.

ಇನ್ನೊಂದು. ಖಾಲಿ ಹಾಲಿನಲ್ಲಿ ಸರಿಯಾಗಿದ್ದ ಟೋನ್ ಜನ ತುಂಬಿದ ಮೇಲೆ ಮಂಕಾಗುತ್ತದೆ, ಜನರ ಮೈ, ಬಟ್ಟೆ ಟ್ರೆಬಲನ್ನು ಹೀರುತ್ತದೆ. ಎರಡನೇ ಹಾಡಿನ ಹೊತ್ತಿಗೆ ಚುಕ್ಕೆಯಿಂದ ಒಂದು ಬೆಂಕಿಕಡ್ಡಿ ದಪ್ಪದಷ್ಟು ತೆರೆದುಕೊಳ್ಳಿ.