ಎಂಜಿನ್ ಬಿಚ್ಚದೆ ಕ್ವಾಡ್‌ಗೆ ಪಿಕಪ್ ತಂದದ್ದು

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿರುವ ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್‌ಗಳಲ್ಲಿ, ಅಂದರೆ ಬೆಟ್ಟದ ಕಚ್ಚಾ ದಾರಿಗಳಲ್ಲಿ, ಕ್ವಾಡ್ (ಬೈಕ್‌ನಂಥ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ) ಓಡಿಸುವಾಗ ಟಾಪ್ ಸ್ಪೀಡ್ ಇಟ್ಟುಕೊಂಡು ಏನೂ ಮಾಡುವುದಕ್ಕಾಗಲ್ಲ. ಕಲ್ಲಿದ್ದಲು ಸೀಮೆಯ ಬೆಟ್ಟಗಳು ಅವು. ಸಡಿಲ ಕಲ್ಲು, ಮರದ ಬೇರು, ಮಳೆ ಬಿದ್ದರೆ ಜಾರುವ ಕೆಸರು. ಹಸಿರು ಗುರುತಿನ ದಾರಿ ಸುಲಭ, ನೀಲಿ ಸ್ವಲ್ಪ ಕಷ್ಟ, ಕಪ್ಪು ಅಂದರೆ ನಿಜಕ್ಕೂ ಕಷ್ಟ. ಕಪ್ಪು ದಾರಿಯ ಏರಿನಲ್ಲಿ ಮನುಷ್ಯ ನಡೆಯುವಷ್ಟು ವೇಗದಲ್ಲೇ ಹೋಗಬೇಕು. ಅಷ್ಟು ನಿಧಾನದಲ್ಲಿ ಎಂಜಿನ್ ಒದ್ದಾಡದೆ ಎಳೆಯಬೇಕು.

ನನ್ನದು ಸೆಕೆಂಡ್ ಹ್ಯಾಂಡ್ ಹೋಂಡಾ ಟಿಆರ್‌ಎಕ್ಸ್ 400ಇಎಕ್ಸ್. 1999ರಲ್ಲಿ ಬಂದ ಮಾಡೆಲ್, 2005ರಿಂದ ಅದಕ್ಕೆ ರಿವರ್ಸ್ ಗೇರ್ ಕೊಟ್ಟರು. ನನ್ನದರಲ್ಲಿ ರಿವರ್ಸ್ ಇದೆ. 397 ಸಿಸಿ, ಒಂದೇ ಸಿಲಿಂಡರ್, ಏರ್ ಕೂಲ್ಡ್, ಕಾರ್ಬುರೇಟರ್. ಹೊಡೆದಷ್ಟೂ ಸಾಯದ ಎಂಜಿನ್ ಅಂತ ಹೆಸರಿದೆ. ಆದರೆ ನನ್ನ ಕೈಗೆ ಬಂದಾಗ ಕಡಿಮೆ ಆರ್‌ಪಿಎಮ್‌ನಲ್ಲಿ, ಅಂದರೆ ಎಂಜಿನ್ ನಿಧಾನವಾಗಿ ತಿರುಗುವಾಗ, ಅದಕ್ಕೆ ಜೀವವೇ ಇರಲಿಲ್ಲ. ಫಸ್ಟ್ ಗೇರಲ್ಲೂ ಹಾಫ್ ಕ್ಲಚ್ ಹಿಡಿದೇ ಏರು ಹತ್ತಬೇಕು. ಸ್ವಲ್ಪ ಹೊತ್ತಿಗೆ ಕ್ಲಚ್ ವಾಸನೆ. ಬಂಡೆಯ ಮುಂದೆ ನಿಧಾನಿಸಿದರೆ ಸಾಕು, ಆಫ್.

ಜೊತೆಗೆ ಓಡಿಸುವವರು ಸಾಮಾನ್ಯವಾಗಿ ಕೊಡುವ ಸಲಹೆ ಎಂದರೆ ಸೈಲೆನ್ಸರ್ ಬದಲಾಯಿಸು, ಇಲ್ಲವೇ ದೊಡ್ಡ ಪಿಸ್ಟನ್ ಹಾಕು. ಎರಡಕ್ಕೂ ನೂರಾರು ಡಾಲರ್ ಬೇಕು. ಅದೂ ಅಲ್ಲದೆ, ಹೊರಗೆ ಸಿಗುವ ಹೆಚ್ಚಿನ ಸೈಲೆನ್ಸರ್‌ಗಳು ಮೇಲಿನ ಆರ್‌ಪಿಎಮ್‌ನಲ್ಲಿ ಕೊಡುವುದೇ ಜಾಸ್ತಿ. ಶಬ್ದ ಜಾಸ್ತಿಯಾದಾಗ ಶಕ್ತಿಯೂ ಜಾಸ್ತಿಯಾದ ಹಾಗೆ ಅನಿಸುತ್ತದೆ, ಅಷ್ಟೇ. ನಾನು ಕಾಸು ಖರ್ಚಾಗದ ಕಡೆಯಿಂದ ಶುರು ಮಾಡಿದೆ.

ಹಿಂದಿನ ಭಾಗವನ್ನು ಜಾಕ್ ಮೇಲೆ ಎತ್ತಿ, ನ್ಯೂಟ್ರಲ್‌ನಲ್ಲಿ ಚಕ್ರ ತಿರುಗಿಸಿ ನೋಡಿದೆ. ಎರಡು ಸುತ್ತಿಗೇ ನಿಂತುಬಿಡುತ್ತಿತ್ತು. ಬ್ರೇಕ್ ಪ್ಯಾಡ್ ಒತ್ತುವ ಹಿಂದಿನ ಕ್ಯಾಲಿಪರ್‌ನ ಪಿನ್‌ಗಳಲ್ಲಿ ಕೆಸರು ಒಣಗಿ ಕೂತಿತ್ತು. ಪಾರ್ಕಿಂಗ್ ಬ್ರೇಕಿನ ಕೇಬಲ್ ಕೂಡ ಬಿಗಿಯಾಗಿತ್ತು. ಬಿಚ್ಚಿ, ತೊಳೆದು, ಗ್ರೀಸ್ ಹಾಕಿ, ಕೇಬಲ್ ಸಡಿಲ ಮಾಡಿದ ಮೇಲೆ ಚಕ್ರ ಸಲೀಸಾಗಿ ತಿರುಗಿತು. ಉಜ್ಜುವ ಬ್ರೇಕ್ ಇದ್ದರೆ ಎಂಜಿನ್‌ಗೆ ಏನು ಮಾಡಿದರೂ ನೀರಲ್ಲಿ ಹೋಮ.

ಆಮೇಲೆ ಏರ್ ಬಾಕ್ಸ್, ಅಂದರೆ ಏರ್ ಫಿಲ್ಟರ್ ಕೂತಿರುವ ಡಬ್ಬಿ. ಹಳೇ ಮಾಲೀಕರು ಅದರ ಮುಚ್ಚಳ ತೆಗೆದುಬಿಟ್ಟಿದ್ದರು, ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ತುಂಡು) ಮಾತ್ರ ಬದಲಾಯಿಸಿರಲಿಲ್ಲ. ಗಾಳಿ ಜಾಸ್ತಿ ಹೋಗುತ್ತದೆ, ಪೆಟ್ರೋಲ್ ಅಷ್ಟೇ ಇರುತ್ತದೆ, ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಬಿಸಿಯಾಗುತ್ತದೆ, ಥ್ರಾಟಲ್ ಕೊಟ್ಟ ತಕ್ಷಣ ಒಂದು ಕ್ಷಣ ತಡವರಿಸುತ್ತದೆ. ಮುಚ್ಚಳ ತೆಗೆದು ಜೆಟ್ ಸರಿಯಾಗಿ ಹೊಂದಿಸಿದರೂ ಲಾಭ ಸಿಗುವುದು ಪೂರ್ತಿ ಥ್ರಾಟಲ್‌ನಲ್ಲಿ. ಟ್ರೇಲ್‌ನಲ್ಲಿ ಪೂರ್ತಿ ಥ್ರಾಟಲ್ ಕೊಡುವ ಜಾಗ ಎಲ್ಲಿದೆ? ಹಳೇ ಮುಚ್ಚಳ ಒಂದನ್ನು ಹುಡುಕಿ ಹಾಕಿದೆ. ಕೆಸರು ನೀರು ಫಿಲ್ಟರ್‌ಗೆ ಹಾರುವುದೂ ತಪ್ಪಿತು.

ಕಾರ್ಬುರೇಟರ್‌ನಲ್ಲಿ ನಮಗೆ ಬೇಕಾದದ್ದು ಪೈಲಟ್ ಜೆಟ್. ಥ್ರಾಟಲ್ ಮುಚ್ಚಿದ್ದಾಗಿನಿಂದ ಸುಮಾರು ಕಾಲು ಭಾಗ ತೆರೆಯುವವರೆಗೆ ಅದರದ್ದೇ ದರ್ಬಾರು. ಅಲ್ಲಿಂದ ಮುಕ್ಕಾಲಿನವರೆಗೆ ಸೂಜಿ, ಆಮೇಲೆ ಮೇನ್ ಜೆಟ್. ಇಲ್ಲಿನ ಪೆಟ್ರೋಲ್‌ನಲ್ಲಿ 10 ಪರ್ಸೆಂಟ್‌ವರೆಗೆ ಎಥನಾಲ್ ಇರುವುದು ಮಾಮೂಲು. ಚಳಿಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಂತರೆ ಪೈಲಟ್ ಜೆಟ್‌ನ ಕೂದಲೆಳೆಯಂಥ ರಂಧ್ರದಲ್ಲಿ ಅಂಟು ಕಟ್ಟುತ್ತದೆ. ಕಾರ್ಬ್ ಕ್ಲೀನರ್ ಹೊಡೆದು, ಬೆಳಕಿಗೆ ಹಿಡಿದು ರಂಧ್ರ ದುಂಡಗೆ ಕಾಣುವವರೆಗೂ ಬಿಡಲಿಲ್ಲ. ತಂತಿ ತೂರಿಸಬೇಡಿ, ಹಿತ್ತಾಳೆ ಮೆತ್ತಗೆ, ರಂಧ್ರ ದೊಡ್ಡದಾಗುತ್ತದೆ. ಈಗ ಚಳಿಗಾಲಕ್ಕೆ ಮುಂಚೆ ಫ್ಲೋಟ್ ಬೌಲ್ (ಕಾರ್ಬುರೇಟರ್‌ನ ಪೆಟ್ರೋಲ್ ಬಟ್ಟಲು) ಖಾಲಿ ಮಾಡಿಯೇ ನಿಲ್ಲಿಸುತ್ತೇನೆ.

ಎಂಜಿನ್‌ಗೆ ಗಾಳಿ-ಪೆಟ್ರೋಲ್ ಒಳಬಿಡುವ ವಾಲ್ವ್ ಇನ್‌ಟೇಕ್, ಹೊಗೆ ಹೊರಬಿಡುವುದು ಎಕ್ಸಾಸ್ಟ್. ಈ ವಾಲ್ವ್‌ಗಳಿಗೂ ಅವನ್ನು ಒತ್ತುವ ಭಾಗಕ್ಕೂ ನಡುವಿನ ಗ್ಯಾಪ್ ನೋಡುವ ಕೆಲಸಕ್ಕೆ ಅರ್ಧ ದಿನ ಹೋಯಿತು. ಇದರಲ್ಲಿ ನಾಲ್ಕು ವಾಲ್ವ್, ಸ್ಕ್ರೂ ಮತ್ತು ಲಾಕ್ ನಟ್ ಇರುವ ಹಳೇ ಪದ್ಧತಿ, ಆದ್ದರಿಂದ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು) ಮತ್ತು ತಾಳ್ಮೆ ಎರಡಿದ್ದರೆ ಸಾಕು. ಎಂಜಿನ್ ಪೂರ್ತಿ ತಣ್ಣಗಿರಬೇಕು. ಪಿಸ್ಟನ್ ಕಂಪ್ರೆಶನ್ ಸ್ಟ್ರೋಕಿನ ತುದಿಯಲ್ಲಿ ಇರಬೇಕು. ಇನ್‌ಟೇಕ್ 0.10 ಮಿ.ಮೀ., ಎಕ್ಸಾಸ್ಟ್ 0.12 ಮಿ.ಮೀ. ನನ್ನದರಲ್ಲಿ ಎಕ್ಸಾಸ್ಟ್ ಬಿಗಿಯಾಗಿತ್ತು. ಬಿಗಿ ಇದ್ದರೆ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಕಂಪ್ರೆಶನ್ ಸೋರುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಸೋರುವುದಕ್ಕೆ ಸಮಯವೇ ಸಿಗಲ್ಲ, ನಿಧಾನವಾಗಿ ತಿರುಗುವಾಗಲೇ ಅದರ ಪೆಟ್ಟು ಗೊತ್ತಾಗುವುದು. ಅಂದರೆ ಸರಿಯಾಗಿ ನಮಗೆ ಬೇಕಾದ ಕಡೆಯಲ್ಲೇ ಶಕ್ತಿ ಕಳ್ಳತನ. ಸರಿ ಮಾಡಿದ ಮೇಲೆ ಸ್ಟಾರ್ಟ್ ಆಗುವ ರೀತಿಯೇ ಬೇರೆಯಾಯಿತು.

ಇಷ್ಟಾದ ಮೇಲೂ ಫಸ್ಟ್ ಗೇರ್ ಉದ್ದವೇ, ಅಂದರೆ ವೇಗ ಜಾಸ್ತಿ ಎಳೆತ ಕಡಿಮೆ, ಅನಿಸುತ್ತಿತ್ತು. ಕಾರಣ ಟೈರಿನ ಪಕ್ಕದಲ್ಲೇ ಬರೆದಿತ್ತು. ಕಂಪನಿಯಿಂದ ಬರುತ್ತಿದ್ದ ಹಿಂದಿನ ಟೈರ್ 20 ಇಂಚು ಎತ್ತರ. ಇದರಲ್ಲಿ ಇದ್ದದ್ದು 22 ಇಂಚು. ಎರಡು ಇಂಚು ಅಷ್ಟೇ ಅಲ್ವಾ ಅನಿಸಬಹುದು. ಲೆಕ್ಕ ಹಾಕಿದರೆ 10 ಪರ್ಸೆಂಟ್.

ಕಂಪನಿ ಕೊಡುತ್ತಿದ್ದದ್ದು ಮುಂದೆ 15 ಹಲ್ಲು, ಹಿಂದೆ 38 ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ). 38ನ್ನು 15ರಿಂದ ಭಾಗಿಸಿದರೆ 2.53. ಈ ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ, ವೇಗ ಕಡಿಮೆ. ಟೈರ್ 10 ಪರ್ಸೆಂಟ್ ದೊಡ್ಡದಾದರೆ ಅದು 2.30ಕ್ಕೆ ಇಳಿದಂತೆ. ಏರು ಹತ್ತುವಾಗ ಸೈಕಲ್‌ನಲ್ಲಿ ಗಟ್ಟಿ ಗೇರ್ ಹಾಕಿಕೊಂಡು ತುಳಿಯುವ ಹಾಗೆ. ಎಂಜಿನ್ ತಪ್ಪೇನೂ ಇಲ್ಲ.

ಹಾಗಾದರೆ ಟೈರ್ ವಾಪಸ್ 20ಕ್ಕೆ ಇಳಿಸಿದರೆ ಆಯಿತಲ್ಲ? ಇಲ್ಲೊಂದು ತೊಡಕಿದೆ. ಇಂಥ ಸ್ಪೋರ್ಟ್ ಕ್ವಾಡ್‌ಗಳಲ್ಲಿ ಹಿಂದೆ ಒಂದೇ ಗಟ್ಟಿ ಆಕ್ಸಲ್. ಸ್ಪ್ರಾಕೆಟ್, ಬ್ರೇಕ್ ಡಿಸ್ಕ್ ಎರಡೂ ಅದರ ಮೇಲೇ ಕೂತಿರುತ್ತವೆ. ಟೈರ್ ಎರಡು ಇಂಚು ಚಿಕ್ಕದಾದರೆ ಅವೆರಡೂ ಒಂದಿಂಚು ಕೆಳಗೆ ಬರುತ್ತವೆ. ಇಲ್ಲಿನ ಬಂಡೆಗಳಲ್ಲಿ ಆ ಒಂದಿಂಚು ಬಹಳ ದೊಡ್ಡದು. ಮಟ್ಟಸವಾದ ಮಣ್ಣಿನ ದಾರಿಯಲ್ಲಿ ಓಡಿಸುವವರಾದರೆ ಕಣ್ಣು ಮುಚ್ಚಿ 20 ಹಾಕಿ. ನಾನು 22 ಉಳಿಸಿಕೊಂಡು ಸ್ಪ್ರಾಕೆಟ್ ಬದಲಾಯಿಸಿದೆ.

ಮೊದಲು ಮುಂದಿನದ್ದು, 14 ಹಲ್ಲು. ಸುಮಾರು 20 ಡಾಲರ್. ಕವರ್ ತೆಗೆದು, ಎರಡು ಚಿಕ್ಕ ಬೋಲ್ಟ್ ಬಿಚ್ಚಿ, ತಡೆ ಪ್ಲೇಟ್ ತಿರುಗಿಸಿ ಎಳೆದರೆ ಸ್ಪ್ರಾಕೆಟ್ ಕೈಗೆ ಬರುತ್ತದೆ. ಒಂದು ಹಲ್ಲು ಕಡಿಮೆಯಾದರೆ ಚೈನ್ ಅರ್ಧ ಕೊಂಡಿಯಷ್ಟು ಉಳಿಯುತ್ತದೆ. ಅಂದರೆ ಆಕ್ಸಲನ್ನು ಸುಮಾರು 4 ಮಿ.ಮೀ. ಹಿಂದೆ ಸರಿಸಬೇಕು. ಅನುಪಾತ 2.71 ಆಯಿತು, ದೊಡ್ಡ ಟೈರ್ ಲೆಕ್ಕ ಹಿಡಿದರೆ 2.47. ವ್ಯತ್ಯಾಸ ಮೊದಲ ಏರಿನಲ್ಲೇ ಗೊತ್ತಾಯಿತು, ಆದರೂ ಕಂಪನಿ ಗೇರಿಂಗ್‌ಗಿಂತ ಇನ್ನೂ ಕೂದಲೆಳೆ ಉದ್ದವೇ.

13 ಹಾಕಬಹುದಿತ್ತು. ಬೇಡ ಅಂದುಕೊಂಡೆ. ಅಷ್ಟು ಚಿಕ್ಕ ಸ್ಪ್ರಾಕೆಟ್ ಸುತ್ತ ಚೈನ್ ತೀರಾ ಬಾಗುತ್ತದೆ, ಬೇಗ ಸವೆಯುತ್ತದೆ, ಸ್ವಿಂಗ್ ಆರ್ಮ್ (ಹಿಂದಿನ ಆಕ್ಸಲ್ ಹಿಡಿದಿರುವ ತೋಳು) ಮೇಲಿನ ಪ್ಲಾಸ್ಟಿಕ್ ಪಟ್ಟಿಯನ್ನೂ ಉಜ್ಜಿ ತಿನ್ನುತ್ತದೆ. ಅದರ ಬದಲು ಹಳೇ ಚೈನ್ ಸವೆದು ಬದಲಾಯಿಸುವ ಕಾಲ ಬಂದಾಗ ಹಿಂದೆ 40 ಹಲ್ಲು ಹಾಕಿದೆ. ಹೊಸ ಸ್ಪ್ರಾಕೆಟ್ ಮೇಲೆ ಹಳೇ ಚೈನ್ ಹಾಕುವುದು ದುಡ್ಡು ದಂಡ, ಅದು ಹಲ್ಲನ್ನು ತನ್ನ ಆಕಾರಕ್ಕೆ ತಿಂದುಬಿಡುತ್ತದೆ. ಹಿಂದಿನ ಸ್ಪ್ರಾಕೆಟ್ ದೊಡ್ಡದಾದ್ದರಿಂದ ನೆಲಕ್ಕೆ 5 ಮಿ.ಮೀ. ಹತ್ತಿರ ಬಂತು. 22 ಇಂಚಿನ ಟೈರ್ 25 ಮಿ.ಮೀ. ಎತ್ತರ ಕೊಟ್ಟಿದ್ದರಿಂದ ಅದು ಲೆಕ್ಕಕ್ಕಿಲ್ಲ.

ಈಗ 14/40. ಟೈರ್ ಲೆಕ್ಕ ಸೇರಿಸಿದರೆ 2.60. ಗಾಡಿ ಬಂದಾಗ ಇದ್ದ 2.30ಕ್ಕಿಂತ ಸುಮಾರು 13 ಪರ್ಸೆಂಟ್ ಜಾಸ್ತಿ ಎಳೆತ, ಚಕ್ರದ ಹತ್ತಿರ. ಚೈನ್ ಸೇರಿಸಿ ಎಲ್ಲಾ ಖರ್ಚು 150 ಡಾಲರ್ ದಾಟಲಿಲ್ಲ. ಎಂಜಿನ್‌ನಿಂದ ಅಷ್ಟು ಟಾರ್ಕ್ (ತಿರುಗಿಸುವ ಬಲ) ಹೊಸದಾಗಿ ಹೊರಡಿಸಬೇಕಾದರೆ ಸಿಲಿಂಡರ್ ಬಿಚ್ಚಬೇಕು, ಆಮೇಲೆ ಜೆಟ್, ದುಬಾರಿ ಪೆಟ್ರೋಲ್ ಅಂತ ಒಂದರ ಹಿಂದೆ ಒಂದು ಖರ್ಚು.

ಕಳೆದುಕೊಂಡದ್ದು ಟಾಪ್ ಸ್ಪೀಡ್. ಟ್ರೇಲ್ ಮುಗಿದು ಊರೊಳಗಿನ ರಸ್ತೆಗೆ ಬಂದಾಗ ಎಂಜಿನ್ ಸ್ವಲ್ಪ ಕೂಗಾಡುತ್ತದೆ, ಅಷ್ಟೇ. ಇಳಿಜಾರಿನಲ್ಲಿ ಮಾತ್ರ ಸುಮ್ನೆ ಸಿಕ್ಕ ಲಾಭ: ಎಂಜಿನ್ ಬ್ರೇಕಿಂಗ್ ಜಾಸ್ತಿಯಾಗಿ, ಫಸ್ಟ್‌ನಲ್ಲಿ ಬಿಟ್ಟರೆ ತಾನೇ ಹಿಡಿದುಕೊಂಡು ಇಳಿಯುತ್ತದೆ. ಹಾಫ್ ಕ್ಲಚ್ ಅಪರೂಪವಾಗಿದೆ.

ಕರ್ನಾಟಕದ ಸ್ನೇಹಿತರು ನನ್ನನ್ನು ಕೇಳುವ ಕ್ವಾಡ್‌ಗಳು ಬಹುತೇಕ ಬೆಲ್ಟ್ ಮೇಲೆ ಓಡುವ ಆಟೊಮ್ಯಾಟಿಕ್. ಸಕಲೇಶಪುರ, ಮಡಿಕೇರಿ ಕಡೆ ತೋಟದಲ್ಲಿ ಅಂಥದ್ದು ಓಡಿಸುವವರಿಗೆ ಸ್ಪ್ರಾಕೆಟ್ ಲೆಕ್ಕಕ್ಕಿಂತ ಸ್ಕೂಟರ್ ಮೆಕ್ಯಾನಿಕ್‌ನ ಲೆಕ್ಕ ಹತ್ತಿರ. ಬೆಲ್ಟ್ ಸವೆದು ಅಗಲ ಕಡಿಮೆಯಾಗಿದೆಯಾ ಅಂತ ಅಳೆಯಿರಿ. ಸವೆದ ಬೆಲ್ಟ್ ಮುಂದಿನ ಪುಲ್ಲಿಯಲ್ಲಿ ಕೆಳಗಿಳಿದು ಕೂರುತ್ತದೆ, ಹೊರಡುವಾಗ ಜಾರುತ್ತದೆ. ಕ್ಲಚ್ ಡಬ್ಬಿಯೊಳಗಿನ ಬೆಲ್ಟ್ ಪುಡಿ ಊದಿ ತೆಗೆಯಿರಿ. ಆಮೇಲೂ ಬೇಕಿದ್ದರೆ ಮುಂದಿನ ಪುಲ್ಲಿಯೊಳಗೆ ಸ್ವಲ್ಪ ಹಗುರವಾದ ರೋಲರ್ ಅಥವಾ ತೂಕ ಹಾಕಿಸಿ. ಎಂಜಿನ್ ಜಾಸ್ತಿ ಆರ್‌ಪಿಎಮ್‌ನಲ್ಲಿ ಎಳೆಯುತ್ತದೆ, ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಲೋ ರೇಂಜ್ (ನಿಧಾನಕ್ಕೆ ಜೋರಾಗಿ ಎಳೆಯುವ ಗೇರ್) ಇರುವ ಗಾಡಿಯಾದರೆ ಏರಿಗೆ ಮೊದಲೇ ಅದನ್ನು ಹಾಕಿಕೊಳ್ಳಿ. ಹೈ ರೇಂಜ್‌ನಲ್ಲಿ ಒದ್ದಾಡಿಸಿಯೇ ಎಷ್ಟೋ ಬೆಲ್ಟ್ ಸುಡುವುದು.